ಸಮುದ್ರ ಇಳಿದ ದಿನವೇ ಬೆಟ್ಟ ಹತ್ತಿದವರು

ನನ್ನ ನಾದಿನಿ ಇದುವರೆಗೆ ಹೊಡೆದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ನಮ್ಮ ದ್ವೀಪದ ಜೆಟ್ಟಿ ಸಾಲದು. ಅವಳ ಕೆಲಸವೇ ಅಂಥದ್ದು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಇಳಿಯುವುದನ್ನು ಕಲಿಸುತ್ತಾಳೆ. ನೀರಿನಡಿಯಲ್ಲಿ ಗಾಬರಿಯಾದವನು ಮೊದಲು ಕೈ ಹಾಕುವುದು ಪಕ್ಕದವರ ಬಾಯಲ್ಲಿರುವ ಗಾಳಿಯ ಕೊಳವೆಗೆ. ಅಲ್ಲಿ ಸಮಾಧಾನ ಹೇಳುವುದು ಹೇಗೆ? ಹೊಟ್ಟೆಗೊಂದು ಗುದ್ದಿ, ಬೆನ್ನಿನ ಪಟ್ಟಿ ಹಿಡಿದು ಮೇಲಕ್ಕೆ ತರುತ್ತಾಳೆ. ಹೊರದೇಶಗಳಿಂದ ಇಲ್ಲಿನ ಕಾಲೇಜಿಗೆ ಓದಲು ಬರುವವರು ಅವಳಿಗೆ ಗುದ್ದಕ್ಕ ಎಂದು ಹೆಸರಿಟ್ಟಿದ್ದರು. ಗುದ್ದು ತಿಂದವರೇ ಮರುವಾರ ಸ್ನೇಹಿತರನ್ನು ಕರೆತರುತ್ತಿದ್ದರು. ಇಷ್ಟು ಅಗ್ಗದ ಜಾಹೀರಾತನ್ನು ನಾನಂತೂ ಕಂಡಿಲ್ಲ.

ಜೆಟ್ಟಿಯ ಎದುರಿಗೇ ನನ್ನ ಅಂಗಡಿ. ಸಮುದ್ರಕ್ಕೆ ಕನ್ನಡಕ, ಬೆಟ್ಟಕ್ಕೆ ಬೂಟು, ಎರಡನ್ನೂ ಬಾಡಿಗೆಗೆ ಕೊಡುತ್ತೇನೆ. ಆ ಸಲದ ತಂಡದಲ್ಲಿ ಬಾಗಿಲ ಚೌಕಟ್ಟಿಗೆ ಹಣೆ ತಾಗುವಷ್ಟು ಉದ್ದದ ಒಬ್ಬನಿದ್ದ. ನಮ್ಮ ಬಾಯಲ್ಲಿ ಅವನು ಏಣಿ. ಓದುತ್ತಿದ್ದದ್ದು ಸಮುದ್ರ ಜೀವಿಗಳ ಬಗ್ಗೆ, ಆಡುತ್ತಿದ್ದದ್ದು ಬಾಕ್ಸಿಂಗ್. ಎರಡರಲ್ಲೂ ತನ್ನನ್ನು ಬಿಟ್ಟರಿಲ್ಲ ಎಂಬ ಠೀವಿ.

ಊರಿಗೆ ಹೊರಡುವ ಮುಂಚಿನ ಅವನ ಕಡೆಯ ಭಾನುವಾರ ಅದು. ಸಮುದ್ರ, ಬೆಟ್ಟ ಎರಡನ್ನೂ ಅದೇ ದಿನ ಮುಗಿಸುವ ಹಟ ಅವನಿಗೆ. ಬೆಳಿಗ್ಗೆ ಎಲ್ಲರೂ ನೀರಿಗಿಳಿದರು. ಒಂದು ಆಮೆ ಕಂಡಿದ್ದೇ ತಡ, ಏಣಿ ಅದರ ಹಿಂದೆ ಬಿದ್ದು ಇಳಿಯಬಾರದಷ್ಟು ಆಳಕ್ಕೆ ಇಳಿದ. ನಾದಿನಿ ಬೆನ್ನಟ್ಟಿ ಹೋಗಿ ಕಾಲು ಹಿಡಿದೆಳೆದಳು. ಅವನು ಒದ್ದ ಒದೆತಕ್ಕೆ ಅವಳ ಮುಖದ ಗಾಜು ಹಾರಿಹೋಯಿತು. ಕಣ್ಣು ಕಾಣದೆಯೇ ಅವಳು ಅವನ ಹೊಟ್ಟೆಗೆ ಎರಡು ಬಿಟ್ಟಳು. ಬೋಟಿಗೆ ಹತ್ತಿದ ಮೇಲೆ ಅವಳ ಮೂಗಿನಲ್ಲಿ ರಕ್ತ, ಅವನ ಬಾಯಲ್ಲಿ ವಾಂತಿ.

"ಇವತ್ತು ನೀನು ಹಾಸಿಗೆ ಬಿಟ್ಟು ಏಳಬೇಡ. ಬೆಟ್ಟದ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ," ಎಂದಳು.

"ಆ ಪಾಠ ನಾನು ನಿಮಗಿಂತ ಚೆನ್ನಾಗಿ ಓದಿದ್ದೀನಿ ಮೇಡಂ," ಎಂದು ಅವನು ಉಗುಳಿ ಹೋದ.

ಓದಿದ್ದು ನಿಜ. ಆಳದಲ್ಲಿ ಉಸಿರಾಡಿದ ಗಾಳಿ ರಕ್ತದಲ್ಲಿ ಕರಗಿ ಕೂತಿರುತ್ತದೆ. ಅದು ಹೊರಹೋಗಲು ಒಂದು ದಿನವಾದರೂ ಬೇಕು. ಅಷ್ಟರೊಳಗೆ ಎತ್ತರಕ್ಕೆ ಹತ್ತಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಮೈಯೊಳಗೆ ಗುಳ್ಳೆಗಳೇಳುತ್ತವೆ. ಅದೃಷ್ಟವಿದ್ದರೆ ಕೀಲುನೋವು, ಇಲ್ಲದಿದ್ದರೆ ಲಕ್ವ, ಅದಕ್ಕೂ ಮೀರಿದರೆ ಹೆಣ.

ಮಧ್ಯಾಹ್ನ ಏಣಿ ಬಂದು ಬೂಟು ಕೇಳಿದ, ಕೊಟ್ಟೆ. ಕಾಲಿನ ಅಳತೆ ಕೇಳುವುದು ನನ್ನ ಕಸುಬು, ಎಲ್ಲಿಗೆ ಎಂದು ಕೇಳುವುದಲ್ಲ. ಬೈಕಿನಲ್ಲಿ ಹೊರಟುಹೋದ. ಅಂದು ಮೂರು ಸಲ ಮುಳುಗಿ ಎದ್ದ ನಾದಿನಿ ಒದ್ದೆ ತಲೆಯಲ್ಲೇ ಅಂಗಡಿಗೆ ಬಂದಾಗ, ದೊಡ್ಡ ಅಳತೆಯ ಬೂಟು ಅಂತೂ ಬಾಡಿಗೆಗೆ ಹೋಯಿತು ಎಂದು ಹೇಳಿಕೊಂಡೆ.

"ಭಾವ, ವ್ಯಾನ್ ತೆಗೀರಿ."

"ನೀನೂ ಮುಳುಗಿದ್ದೀಯಲ್ಲೇ! ಅವನಿಗಿಂತ ಜಾಸ್ತಿ ಮುಳುಗಿದ್ದೀಯ. ನಾನು ಹೋಗಿ ಕರ್ಕೊಂಡು ಬರ್ತೀನಿ."

"ನೀವು ಕರೆದ್ರೆ ಬರ್ತಾನಾ? ನಿಮ್ಮನ್ನ ಮಡಿಚಿ ಜೇಬಿಗೆ ಹಾಕ್ಕೊಂಡು ಹತ್ತುತ್ತಾನೆ. ತೆಗೀರಿ ಅಂದ್ರೆ!"

ಬೆಟ್ಟದ ಅರ್ಧದವರೆಗೆ ಟಾರು ರಸ್ತೆ, ಆಮೇಲೆ ಕಾಡಿನ ಕಾಲುದಾರಿ. ವ್ಯಾನ್ ನಿಲ್ಲುವ ಮುಂಚೆಯೇ ಅವಳು ಜಿಗಿದು ಓಡಿದಳು. ನಾನು ಏದುಸಿರು ಬಿಡುತ್ತ ಸೇರಿಕೊಳ್ಳುವ ಹೊತ್ತಿಗೆ ಮಾತು ಮುಗಿದಿತ್ತು, ಕೈ ಶುರುವಾಗಿತ್ತು. ಏಣಿಯ ಮುಷ್ಟಿ ಅವಳ ದವಡೆಗೆ ಬಿತ್ತು. ಒಂದು ಹಲ್ಲು ಕಲ್ಲಿನ ಮೇಲೆ ಟಣ್ಣೆಂದಿತು. ಅವಳು ತಲೆಯಿಂದ ಅವನ ಮೂಗಿಗೆ ಗುಮ್ಮಿದಳು. ಮೂಳೆ ಮುರಿದದ್ದು ನನಗೂ ಕೇಳಿಸಿತು. ಇಬ್ಬರೂ ಒಬ್ಬರ ಕೂದಲನ್ನು ಇನ್ನೊಬ್ಬರು ಹಿಡಿದುಕೊಂಡು ಮುಳ್ಳುಪೊದೆಯೊಳಗೆ ಉರುಳಿದರು. ಬಿಡಿಸಲು ಹೋದ ನನಗೂ ಮೊಣಕೈಯೊಂದು ಸಿಕ್ಕಿತು. ಯಾರದ್ದೆಂದು ಇಂದಿಗೂ ಗೊತ್ತಿಲ್ಲ.

"ಇಳೀತೀಯೋ ಇಲ್ವೋ!"

"ನನ್ನ ಭುಜ... ಭುಜ ಒಡೀತಿದೆ!" ಎಂದು ಅವನು ಚೀರಿದ. ಅವಳು ಆ ಭುಜವನ್ನು ಮುಟ್ಟಿರಲೇ ಇಲ್ಲ. ಗುಳ್ಳೆ ಎದ್ದಿತ್ತು.

ಅವನ ಕಾಲರ್ ಹಿಡಿದು ವ್ಯಾನಿನವರೆಗೂ ದರದರನೆ ಎಳೆದುತಂದು ಒಳಗೆ ನೂಕಿದಳು. ತಾನು ಹತ್ತಲು ಕಾಲೆತ್ತಿದಳು, ಕಾಲು ಏಳಲಿಲ್ಲ. ನೆಲದ ಮೇಲೆ ಕುಸಿದು, ತನ್ನ ತೊಡೆಗೇ ನಾಲ್ಕು ಗುದ್ದಿ ನೋಡಿಕೊಂಡಳು.

"ಭಾವ, ಸೊಂಟದಿಂದ ಕೆಳಗೆ ಏನೂ ಗೊತ್ತಾಗ್ತಿಲ್ಲ. ಎತ್ತಿ ಹಾಕಿ."

ನಮ್ಮ ಆಸ್ಪತ್ರೆಯಲ್ಲಿ ಇಂಥವರಿಗೆಂದೇ ಒಂದು ಉಕ್ಕಿನ ಕೋಣೆಯಿದೆ, ಮಲಗಿಸಿದ ಡ್ರಮ್ಮಿನಂಥದ್ದು. ಒಳಗೆ ಗಾಳಿ ತುಂಬಿ ಮತ್ತೆ ಸಮುದ್ರದಾಳದ ಒತ್ತಡ ಬರಿಸಿ, ನಿಧಾನವಾಗಿ ಇಳಿಸುತ್ತಾರೆ. ಗುಳ್ಳೆಗಳು ಕರಗುತ್ತವೆ. ಮಲಗಲು ಎರಡೇ ಬೆಂಚು. ಬೇರೆ ದಾರಿಯಿಲ್ಲದೆ ಇಬ್ಬರನ್ನೂ ಒಟ್ಟಿಗೆ ಮಲಗಿಸಿ, ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿ ಬಾಗಿಲು ಹಾಕಿದರು.

ಗಂಟೆ ಕಳೆದಿರಲಿಲ್ಲ. ಮುಚ್ಚಿದ ಕೋಣೆಯ ಭಯ ಏಣಿಯ ನೆತ್ತಿಗೇರಿತು. ಮಾಸ್ಕ್ ಕಿತ್ತೆಸೆದು ಬಾಗಿಲಿಗೆ ತಲೆ ಚಚ್ಚಿಕೊಳ್ಳತೊಡಗಿದ. ಹೊರಗೆ ಯಂತ್ರ ನೋಡಿಕೊಳ್ಳುವವನು ಮೈಕಿನಲ್ಲಿ, "ಕೂತ್ಕೊಳ್ಳಪ್ಪಾ, ಈಗ ಒತ್ತಡ ಬಿಟ್ರೆ ಇಬ್ಬರೂ ಸಾಯ್ತೀರಿ!" ಎಂದು ಕೂಗುತ್ತಿದ್ದ. ಏಣಿ ನಾದಿನಿಯ ಕೊಳವೆಗೂ ಕೈ ಹಾಕಿ ಜಗ್ಗಿದ.

ನಾನು ಗಾಜಿನ ಕಿಂಡಿಯಿಂದ ನೋಡುತ್ತಿದ್ದೆ. ಅವಳು ಬೆಂಚಿನಿಂದ ಕೆಳಕ್ಕೆ ಉರುಳಿ, ಸತ್ತ ಕಾಲುಗಳನ್ನು ಎಳೆದುಕೊಂಡು ತೆವಳಿ, ಅವನ ಮಂಡಿಗೆ ಕೈ ಸುತ್ತಿ ಕೆಡವಿದಳು. ಎದೆಯ ಮೇಲೆ ಹತ್ತಿ ಮಲಗಿದಳು. ಅವನು ಅವಳ ಒಡೆದ ದವಡೆಗೇ ಗುದ್ದಿದ, ಅವಳು ಕದಲಲಿಲ್ಲ. ಒಂದು ಕೈಯಲ್ಲಿ ಮಾಸ್ಕನ್ನು ಅವನ ಮುಖಕ್ಕೆ ಒತ್ತಿ, ಇನ್ನೊಂದರಲ್ಲಿ ಅವನ ಕಪಾಳಕ್ಕೆ ಬಾರಿಸಿದಳು. ಅವನು ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದ ಮೇಲೂ ಮಾಸ್ಕ್ ಬಿಡಲಿಲ್ಲ. ಬಾಗಿಲು ತೆರೆಯುವವರೆಗೆ ಇಬ್ಬರೂ ಹಾಗೆಯೇ ಬಿದ್ದಿದ್ದರು.

ಅವನು ನಡೆದು ಹೊರಬಂದ. ಅವಳನ್ನು ಹೊತ್ತು ತಂದರು.

ಮುಂದೆಯೂ ಹಲವು ಸಲ ಆ ಡ್ರಮ್ಮಿನಲ್ಲಿ ಮಲಗಿದ ಮೇಲೆ ಅವಳ ಬಲಗಾಲು ಮರಳಿತು. ಎಡಗಾಲು ಕೋಲಿನ ಸಹಾಯದಲ್ಲಿ ಓಡಾಡುವಷ್ಟಕ್ಕೆ ನಿಂತಿತು. ಇನ್ನು ಸಮುದ್ರಕ್ಕೆ ಇಳಿಯುವಂತಿಲ್ಲ ಎಂದು ಡಾಕ್ಟರು ಹೇಳಿದ ದಿನ ನನ್ನ ಹೆಂಡತಿ ತಂಗಿಯ ಮಂಚ ಹಿಡಿದು ಗೋಳಾಡಿದಳು. ನಾದಿನಿ ಅಕ್ಕನ ಕೈ ಬಿಡಿಸಿ ಡಾಕ್ಟರ ಕಡೆ ತಿರುಗಿದಳು.

"ಬೋಟು ಓಡಿಸಬಹುದಾ ಡಾಕ್ಟ್ರೇ?"

"ಓಡಿಸಬಹುದಮ್ಮ, ಅದಕ್ಕೇನು."

"ಸರಿ, ಮೇಲೆ ನಿಂತು ಬಯ್ತೀನಿ."

ಏಣಿ ಪಟ್ಟಿ ಕಟ್ಟಿದ ಮೂಗು ಹೊತ್ತುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ವಿಮಾನ ಹತ್ತಲು ಡಾಕ್ಟರು ಇನ್ನೂ ಬಿಟ್ಟಿರಲಿಲ್ಲ. "ಮೇಡಂ, ನಾನು..." ಎಂದು ಶುರುಮಾಡಿದ.

"ಅಲ್ಲಿಂದ ಏನು ಗೊಣಗ್ತೀಯ? ಹತ್ರ ಬಾ. ನನ್ನ ಕೈಗೆ ಎಟುಕೋವಷ್ಟು ಹತ್ರ."

ಅವನು ನನ್ನ ಮುಖ ನೋಡಿದ. ನಾನು ಕಿಟಕಿ ಕಡೆ ತಿರುಗಿದೆ. ಅವನು ನಡೆದುಬಂದು ಮಂಚದ ಪಕ್ಕ ಮಂಡಿಯೂರಿ ಕಣ್ಣು ಮುಚ್ಚಿಕೊಂಡ.