ಬೆಳಕಿಂಡಿಯ ಕೆಳಗಿನ ಕಟಕ ರೊಟ್ಟಿ

ಗೆಳತಿಯರೇ, ಬಾಣಂತಿಯಾಗಿ ಅಗರಖೇಡದ ತವರಿನ ಕೋಣೆಯಲ್ಲಿ ಬಿದ್ದಿರುವ ನನಗೆ ಹೊರಗಿನ ಗಾಳಿಯೂ ಸೋಕುವಂತಿಲ್ಲ. ನನಗೆ ಉಳಿದ ಲೋಕವೆಂದರೆ ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲು. ಇವತ್ತು ಅದು ಮೂಲೆಯಲ್ಲಿ ಒಣಗಿಸಿ ಒಟ್ಟಿದ್ದ ಕಟಕ ರೊಟ್ಟಿಗಳ ಮೇಲೆ ಬಿತ್ತು. ಒಂದೊಂದರ ಅಂಚೂ ಬಂಗಾರದಂತೆ ಹೊಳೆಯಿತು. ಫೋಟೊ ತೆಗೆದು ಸ್ಟೇಟಸ್‌ಗೆ ಹಾಕಿದೆ.

ಸಿಂದಗಿಯಿಂದ ಅತ್ತೆ ನೇರ ಅವ್ವನಿಗೇ ಫೋನ್ ಮಾಡಿದರು. "ಬಾಣಂತಿಗೆ ಒಣ ರೊಟ್ಟಿ ಹಾಕಾಕತ್ತೀರೇನ್ರಿ?"

ಆ ಬೆಳಕಿನ ಬಗ್ಗೆ ಒಬ್ಬರಾದರೂ ಒಂದು ಮಾತು ಆಡಬೇಕಲ್ಲ?

ಅವ್ವ ನನ್ನ ಮೇಲೆ ಹರಿಹಾಯ್ದಳು. "ತವರಿನ ಮರ್ಯಾದಿ ಕಳದಿ. ಫೋಟೊ ತಗಿಯೂದಿದ್ರ ಇದರದು ತಗಿ" ಎಂದು ಬಾಣಂತಿಗೆಂದೇ ಕಟ್ಟಿದ, ತುಪ್ಪ ಸೋರುವ ಅಂಟಿನುಂಡಿಯ ತಾಟನ್ನು ಮುಂದಿಟ್ಟಳು. ಅಷ್ಟರಲ್ಲಿ ಬಿಸಿಲು ಸರಿದಿತ್ತು. ಸಿಟ್ಟಿನಲ್ಲೇ ತೆಗೆದೆ, ಕತ್ತಲಲ್ಲಿ ಎಲ್ಲ ಮಸುಕು ಮಸುಕು. ಹಾಗೇ ಹಾಕಿದೆ.

ಅತ್ತೆ ಕೂಡಲೇ ಬರೆದರು: "ಈಗ ನೋಡು, ಫೋಟೊ ಚಲೋ ಬಂದೈತಿ."