ಎರಡು ಪದಗಳಿಗೆ ಆರು ವರ್ಷ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದೆ. ಐವತ್ತು ದಾಟಿದ ಗಣಿತದ ಟೀಚರ್ ಪರದೆಯಿಂದ ಕಣ್ಣು ಕೀಳದೆ ಕೂತಿದ್ದಾರೆ. ಅವರ ಅತ್ತೆ ಕೇಳದೆಯೇ ಎರಡನೇ ಲೋಟ ಕಾಫಿ ಬಗ್ಗಿಸಿ ಮುಂದಿಡುತ್ತಾರೆ.

"ಕಂಪ್ಯೂಟರಿನ ಪ್ರೊಸೆಸರ್ರೂ ನಮ್ಮತ್ತೆ ಥರಾನೇ," ಟೀಚರ್ ನಗುತ್ತಾರೆ. "ಬೇಕೋ ಬೇಡವೋ ಗೊತ್ತಾಗೋಕ್ ಮುಂಚೇನೇ ಕೆಲಸ ಶುರು ಮಾಡುತ್ತೆ. ಊಹೆ ತಪ್ಪಿದ್ರೆ ಎಲ್ಲಾ ಚೆಲ್ಲಿ ಮೊದಲಿಂದ."

"ಯಂತ್ರಕ್ಕೆ ಲೋಟ ತೊಳೆಯೋಕೆ ಬರುತ್ತಾ, ಕೇಳು," ಅತ್ತೆ ಗದರುತ್ತಾರೆ.

ಪ್ರೋಗ್ರಾಮಿನ ತುಂಬ ಕವಲುಗಳು: ಹೀಗಿದ್ದರೆ ಇದು, ಇಲ್ಲದಿದ್ದರೆ ಅದು. ನಾವು ರೆಪ್ಪೆ ಮಿಟುಕಿಸುವಷ್ಟರಲ್ಲಿ ಯಂತ್ರ ಕೋಟಿಗಟ್ಟಲೆ ಕವಲುಗಳನ್ನು ಊಹಿಸಿಯೇ ದಾಟಿರುತ್ತದೆ. ಯಾವ ಕಡೆ ಓಡಾಟ ಹೆಚ್ಚೆಂದು ಯಂತ್ರಕ್ಕೆ ಮೊದಲೇ ತಿಳಿಸಲು ಟೀಚರ್ ಒಂದು ಪ್ರೋಗ್ರಾಮಿಂಗ್ ಭಾಷೆಗೆ ಎರಡು ಪದ ಕೊಟ್ಟಿದ್ದಾರೆ: ‘ಸಾಮಾನ್ಯ’, ‘ಅಪರೂಪ’. ಶಾಲೆಗೆ ಹೊರಡುವ ಮುಂಚಿನ ಎರಡು ಗಂಟೆಗಳಲ್ಲಿ, ಆರು ವರ್ಷ ಕೂತು ಮಾಡಿದ ಕೆಲಸ. ಆ ಪದಗಳು ಉಳಿಯುತ್ತವೋ ಇಲ್ಲವೋ ಇಂದು ಏಳಕ್ಕೆ ತೀರ್ಮಾನ. ಆ ಭಾಷೆಯನ್ನು ನೋಡಿಕೊಳ್ಳುವ ಒಂಬತ್ತು ಮಂದಿಯ ಸಮಿತಿ ಮತ ಹಾಕುತ್ತದೆ.

ಮತದವರೆಗೂ ಬಂದದ್ದು ಟೀಚರ್ ಮಾಡಿದ ತಪ್ಪಿನಿಂದ. ಕಳೆದ ವರ್ಷ ಅಂಚೆ ವಿಂಗಡಿಸುವ ಪ್ರೋಗ್ರಾಮಿನಲ್ಲಿ, ವಿಳಾಸ ಓದಲಾಗದಿದ್ದರೆ ಹಿಡಿಯುವ ಕವಲಿಗೆ ಅವರು ‘ಅಪರೂಪ’ ಎಂದು ಬರೆದರು. ನಿಜವಾದ ಕಾಗದಗಳು ಬಂದಾಗ ನೂರಕ್ಕೆ ಅರವತ್ತೊಂದರ ಕೈಬರಹ ಯಂತ್ರಕ್ಕೆ ತಿಳಿಯಲಿಲ್ಲ. ಇಂಥ ಸೂಚನೆಯೇ ಇಲ್ಲದಿದ್ದಾಗಿನದಕ್ಕಿಂತ ಪ್ರೋಗ್ರಾಂ ನಿಧಾನವಾಯಿತು.

"ಆಗಬಾರದ್ದನ್ನ ಅಪರೂಪ ಅಂದ್ಕೊಂಡ್ಬಿಟ್ಟೆ. ಎಣಿಸ್ಲೇ ಇಲ್ಲ. ಲೆಕ್ಕದ ಟೀಚರ್ ಬೇರೆ!"

‘ಆ ಪದಗಳನ್ನು ತೆಗೆದುಹಾಕಿ, ಯಂತ್ರ ತಾನೇ ಕಲಿಯುತ್ತದೆ’ ಎಂದರು ಸಮಿತಿಯ ಹಿರಿಯರೊಬ್ಬರು. "ನಾಲ್ಕು ಸಲ ಹೋದ ದಾರಿ ಅದಕ್ಕೆ ಗೊತ್ತಿರುತ್ತೆ ಸಾರ್. ಮೊದಲನೇ ಸಲ ಹೋಗುವಾಗ?" ಎಂದು ಟೀಚರ್ ಪಟ್ಟು ಹಿಡಿದರು. ಒಂಬತ್ತು ತಿಂಗಳಲ್ಲಿ ಕಾವಲೊಂದನ್ನು ಕಟ್ಟಿದರು. ಈಗ ಪ್ರೋಗ್ರಾಮನ್ನು ಪರೀಕ್ಷೆಗೆ ಓಡಿಸಿದಾಗ ಪ್ರತಿ ಕವಲಿನ ಎಣಿಕೆ ನಡೆಯುತ್ತದೆ. ಬರೆದ ಸೂಚನೆ ಅದಕ್ಕೆ ತಾಳೆಯಾಗದಿದ್ದರೆ ಬರೆದವರಿಗೆ ಎಚ್ಚರಿಕೆ ಬರುತ್ತದೆ. ಮುನ್ನೂರು ಪ್ರೋಗ್ರಾಮುಗಳನ್ನು ಜಾಲಾಡಿದಾಗ ಐದು ಸೂಚನೆಗಳಲ್ಲಿ ಒಂದು ತಲೆಕೆಳಗು. ಬರೆದವರೆಲ್ಲ ಪಳಗಿದ ಕೈಗಳು. ಕೋಟಿ ಕವಲುಗಳ ಆ ಓಟವನ್ನು ಅಡುಗೆಮನೆಯಲ್ಲಿ ಕೂತು ಎಣಿಸಿದ್ದಾರೆಂದರೆ ನಂಬಲು ಹೊತ್ತು ಹಿಡಿಯುತ್ತದೆ.

ಏಳು ಹತ್ತಕ್ಕೆ ಮೇಲ್ ಬರುತ್ತದೆ. ಐದು–ನಾಲ್ಕು. ಪದಗಳು ಉಳಿದಿವೆ. ಐದನೆಯ ಮತ ಆ ಹಿರಿಯರದೇ, ಜೊತೆಗೊಂದು ಸಾಲು: ‘ನಾನು ಬರೆದ ಸೂಚನೆಗಳಲ್ಲೇ ಹನ್ನೊಂದು ತಪ್ಪಿದ್ದವು.’

"ನಿನ್ನ ಹೆಸರು ಹಾಕ್ತಾರಾ?" ಅತ್ತೆ ಕೇಳುತ್ತಾರೆ.

"ಇಲ್ಲ ಅತ್ತೆ." ಟೀಚರ್ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಏಳುತ್ತಾರೆ. "ಯಂತ್ರ ತಾನಾಗಿ ತಪ್ಪಿದ್ರೆ ತಪ್ಪಲಿ. ನನ್ನ ಮಾತು ಕೇಳಿ ತಪ್ಪಬಾರದು, ಅಷ್ಟೇ."