ಬೆಳಿಗ್ಗೆ ಬೊರಿವಲಿಯ ಕಾಡು, ಸಂಜೆ ಬಾಂದ್ರಾದ ಶಿಲುಬೆ

ಬೆಳಗಿನ ಐದೂಮುಕ್ಕಾಲು. ಅಂಧೇರಿ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಪಕ್ಕ ಹದಿನಾಲ್ಕು ಜನ ಸಾಲಾಗಿ ನಿಂತಿದ್ದಾರೆ. ಶರಣವ್ವ ಒಬ್ಬೊಬ್ಬರ ಚೀಲವನ್ನೂ ಬಿಚ್ಚಿಸಿ ನೋಡುತ್ತಿದ್ದಾರೆ. ನೀರಿನ ಬಾಟಲಿ, ಚಪಾತಿ ಡಬ್ಬಿ, ಮೊಣಕಾಲಿನ ಮುಲಾಮು. ಎಲ್ಲ ಸರಿ. "ಕಾಯಿ ತಂದೀರೇನ್ರಿ? ಕುಂಕುಮ? ಕರ್ಪೂರ? ಇದ್ರ ಈಗ ಹೇಳ್ರಿ, ನಾ ಏನೂ ಅನ್ನಂಗಿಲ್ಲ." ಅಜ್ಜಿಯೊಬ್ಬರು ನಾಚಿಕೊಂಡು ಸಣ್ಣ ಕುಂಕುಮದ ಡಬ್ಬಿ ತೆಗೆದು ಕೊಡುತ್ತಾರೆ. ಪಕ್ಕದ ವಿಮಾನ ನಿಲ್ದಾಣದಲ್ಲೂ ಇಂಥ ತಪಾಸಣೆ ಇರಲಿಕ್ಕಿಲ್ಲ ಬಿಡಿ. ಕಾರಣ ಆಮೇಲೆ ಹೇಳುತ್ತೇನೆ.

ಶರಣವ್ವನವರಿಗೆ ಐವತ್ತನಾಲ್ಕು. ವಿಜಯಪುರದ ಕಡೆಯವರು, ಮದುವೆಯಾಗಿ ಮುಂಬೈಗೆ ಬಂದವರು, ವಿಲೆ ಪಾರ್ಲೆಯ ಸಾಲುಕೋಣೆಗಳ ಚಾಳಿನಲ್ಲಿ ವಾಸ. ವಾರದಲ್ಲಿ ಐದು ದಿನ ಮೂರು ಮನೆಗಳಲ್ಲಿ ಅಡುಗೆ. ಶನಿವಾರ, ಭಾನುವಾರ ಮಾತ್ರ ಅವರು ಗೈಡು. ಇಲ್ಲಿನ ಕನ್ನಡಿಗರನ್ನು ಬೆಳಿಗ್ಗೆ ಬೊರಿವಲಿಯ ಕಾಡಿಗೆ, ಸಂಜೆ ಬಾಂದ್ರಾದಲ್ಲಿ ಪೋರ್ಚುಗೀಸರ ಕಾಲದಿಂದ ಉಳಿದಿರುವ ಹಳೆಯ ಗಲ್ಲಿಗಳಿಗೆ ಕರೆದೊಯ್ಯುತ್ತಾರೆ. ಹನ್ನೊಂದು ಕಿಲೋಮೀಟರ್ ನಡಿಗೆ, ನಡುವೆ ಉಡುಪಿ ಹೋಟೆಲಿನಲ್ಲಿ ಊಟ. ಹದಿನಾಲ್ಕರ ಮೇಲೆ ಒಬ್ಬರನ್ನೂ ಸೇರಿಸುವುದಿಲ್ಲ.

ಕಾಡಿನೊಳಗೆ ಹೋದ ಕೂಡಲೇ ಅವರ ದನಿ ಇಳಿಯುತ್ತದೆ. ಏಪ್ರಿಲ್ ತಿಂಗಳು, ಬೂರುಗದ ಹತ್ತಿ ಹಾರಾಡುತ್ತಿದೆ. ಎಲೆಯೆಲ್ಲ ಉದುರಿಸಿ ಬೆಳ್ಳಗೆ ನಿಂತ ಮರವೊಂದನ್ನು ಸವರಿ, "ಇದಕ್ಕ ಭೂತದ ಮರ ಅಂತಾರ್ರಿ. ಮುಟ್ರಿ, ತೊಗಟಿ ಕೀಳಬ್ಯಾಡ್ರಿ" ಎನ್ನುತ್ತಾರೆ. ಬೆಳಗಾವಿ ಮೂಲದ ವ್ಯಾಪಾರಿ ನವೀನ ಮೊಬೈಲ್ ತೆಗೆದು ಹೆಸರು ಹುಡುಕಲು ಹೊರಟಾಗ, "ಸ್ಟರ್ಕ್ಯೂಲಿಯಾ ಯುರೆನ್ಸ್ ಅಂತ ಹಾಕ್ರಿ" ಎಂದು ಮುಂದೆ ನಡೆಯುತ್ತಾರೆ. ಶರಣವ್ವ ಓದಿದ್ದು ನಾಲ್ಕನೆಯ ತರಗತಿಯವರೆಗೆ. ನವೀನನ ಮುಖ ನೋಡಬೇಕಿತ್ತು!

ಇದನ್ನೆಲ್ಲ ಕಲಿಸಿದವರು ಬರ್ನಿಸ್ ಟೀಚರ್. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿ, ಬಾಂದ್ರಾದ ಗಲ್ಲಿಯೊಂದರ ಹಳೆಯ ಮನೆಯಲ್ಲಿ ಒಬ್ಬರೇ ಇದ್ದವರು. ತಮ್ಮ ಗಂಡ ತೀರಿಕೊಂಡ ವರ್ಷ ಶರಣವ್ವ ಅಲ್ಲಿ ಕೆಲಸಕ್ಕೆ ಸೇರಿದರು, ಇಪ್ಪತ್ತೆರಡು ವರ್ಷ ಇದ್ದರು. ಭಾನುವಾರ ಕಾಡು, ದಿನಾ ಸಂಜೆ ಗಲ್ಲಿ. "ಅವರಿಗೆ ಒಂದ ಕೈಯಾಗ ಕೋಲು, ಇನ್ನೊಂದ ಕೈಯಾಗ ನಾ. ಬಾಯಿ ಮಾತ್ರ ಒಂದ ಗಳಿಗಿ ಸುಮ್ಮ ಇರ್ತಿರಲಿಲ್ಲ ನೋಡ್ರಿ." ಆರು ವರ್ಷದ ಹಿಂದೆ ಟೀಚರ್ ತೀರಿಹೋದರು. ಮನೆ ಮಾರಾಟವಾಗಿ ಅಲ್ಲಿ ಹನ್ನೆರಡು ಮಹಡಿಯ ಬಿಲ್ಡಿಂಗ್ ಎದ್ದಿತು. ಶರಣವ್ವನ ಕೈಯಲ್ಲಿ ಉಳಿದದ್ದು ಮರಗಳ ಹೆಸರು, ಮನೆಗಳ ಕತೆ. ಅಂಧೇರಿಯ ಮಹಿಳಾ ಮಂಡಳಿಯ ಮಾಧುರಿ, "ನಮಗೂ ಒಮ್ಮೆ ತೋರಿಸ್ರಿ" ಎಂದದ್ದೇ ಈ ಪ್ರವಾಸದ ಶುರು.

ಇನ್ನು ತಪಾಸಣೆಯ ಕತೆ. ಟೀಚರ್ ಇದ್ದ ಆ ಗಲ್ಲಿಯ ತಿರುವಿನಲ್ಲಿ ಸುಣ್ಣ ಬಳಿದ ಕಟ್ಟೆಯ ಮೇಲೊಂದು ಹಳೆಯ ಶಿಲುಬೆಯಿದೆ. ಅಲ್ಲಿನ ಕ್ರೈಸ್ತರು ಅದಕ್ಕೆ ಚೆಂಡುಹೂವಿನ ಮಾಲೆ ಹಾಕಿ ಮೇಣದ ಬತ್ತಿ ಹಚ್ಚುತ್ತಾರೆ. ಮೂರು ವಾರದ ಹಿಂದೆ ಬಂದ ತಂಡದಲ್ಲಿ ಎಪ್ಪತ್ತಾರರ ಅಜ್ಜಿಯೊಬ್ಬರಿದ್ದರು. ಮಾಲೆ ಕಂಡರು, ದೀಪ ಕಂಡರು, ಇನ್ನೇನು ಬೇಕು? ಚಪ್ಪಲಿ ಕಳಚಿದರು, ಶಿಲುಬೆಗೂ ಕಟ್ಟೆಗೂ ಕುಂಕುಮ ಹಚ್ಚಿದರು, ಚೀಲದಿಂದ ಕಾಯಿ ತೆಗೆದು ಕಟ್ಟೆಗೇ ಫಟ್ಟನೆ ಒಡೆದರು! ಪಾಪ, ಪೂರ್ತಿ ಭಕ್ತಿಯಿಂದಲೇ. ಆದರೆ ಕಟ್ಟೆಯ ಅಂಚು ಚಕ್ಕೆ ಎದ್ದಿತು, ಸುಣ್ಣವೆಲ್ಲ ಕೆಂಪಾಯಿತು. ಶಿಲುಬೆಯನ್ನು ನೋಡಿಕೊಳ್ಳುವ ಸೆರಾಫಿನಾ ಆಂಟಿ ಹೊರಗೆ ಬಂದು, ಇನ್ನು ಯಾವ ತಂಡವೂ ಇಲ್ಲಿಗೆ ಕಾಲಿಡಕೂಡದು ಎಂದುಬಿಟ್ಟರು.

"ಅಜ್ಜಿ ಹೆಸರು ನಾ ಹೇಳಲಿಲ್ರಿ. ತಪ್ಪು ನಂದ, ಮೊದಲ ಹೇಳಬೇಕಿತ್ತು ಅಂದೆ." ಆಮೇಲೆ ಆರು ದಿನ ಬೆಳಿಗ್ಗೆ, ಅಡುಗೆ ಕೆಲಸಕ್ಕೆ ಮೊದಲು, ಶರಣವ್ವ ಒಬ್ಬರೇ ಹೋಗಿ ಕಟ್ಟೆ ತಿಕ್ಕಿದರು. ಕುಂಕುಮ ಜಪ್ಪಯ್ಯ ಎಂದರೂ ಹೋಗಲಿಲ್ಲ. ಕೊನೆಗೆ ಆಂಟಿಯನ್ನೇ ಕೇಳಿ, ಚಕ್ಕೆ ಎದ್ದಲ್ಲಿ ಗಾರೆ ಮೆತ್ತಿ, ಎರಡು ಸಲ ಸುಣ್ಣ ಬಳಿದರು. ಗಲ್ಲಿಯವರು ಕೂತು ಮಾತಾಡಿದ್ದಾರೆ, ತೀರ್ಮಾನ ಇಂದು ನಾಲ್ಕು ಗಂಟೆಗೆ ಗೊತ್ತಾಗುತ್ತದೆ. ಬೇಡ ಎಂದರೆ? ಹೋಟೆಲಿನಲ್ಲಿ ಶರಣವ್ವ ಊಟ ಮುಟ್ಟಿಲ್ಲ. "ಟ್ರಿಪ್ ನಿಂತ್ರ ನಿಲ್ಲಲಿ, ಇನ್ನೊಂದ ಮನಿ ಅಡಿಗಿ ಹಿಡೀತೇನಿ. ಆದ್ರ ಟೀಚರ್ ಮನಿ ಹೋತು. ಅವರ ಜೋಡಿ ನಡದ ಜಾಗಾ ಅಂತ ಉಳದದ್ದು ಆ ಗಲ್ಲಿ ಒಂದ. ಅದೂ ಹೋದ್ರ ನಾ ಎಲ್ಲಿ ನಿಂತು ಅವರನ್ನ ನೆನೀಲಿ?" ಕಣ್ಣು ತುಂಬಿ ಬರುತ್ತದೆ. ನನಗೂ ಊಟ ಸೇರುವುದಿಲ್ಲ.

ನಾಲ್ಕಕ್ಕೆ ತಂಡವನ್ನು ಗಲ್ಲಿಯ ಬಾಯಲ್ಲೇ ನಿಲ್ಲಿಸಿ ಶರಣವ್ವ ಒಳಗೆ ನಡೆಯುತ್ತಾರೆ. ನಾನು ಹಿಂದೆ. ಸೆರಾಫಿನಾ ಆಂಟಿ ಮನೆಯ ಮೆಟ್ಟಿಲ ಮೇಲೆ ಕೂತಿದ್ದಾರೆ, ಮುಖದಲ್ಲಿ ನಗುವಿಲ್ಲ. ತಂಡ ಬರಬಹುದು, ಆದರೆ ಕಟ್ಟೆ ಮುಟ್ಟುವಂತಿಲ್ಲ ಎಂದು ಹಿಂದಿಯಲ್ಲಿ ಹೇಳುತ್ತಾರೆ. ಶರಣವ್ವ ಕೈಮುಗಿದು ತಿರುಗುವಷ್ಟರಲ್ಲಿ, "ರುಕ್" ಎಂದು ತಡೆಯುತ್ತಾರೆ.

ಮೇ ತಿಂಗಳು ಪೂರ್ತಿ ಶಿಲುಬೆಯ ಮುಂದೆ ಸಂಜೆ ಪ್ರಾರ್ಥನೆ ನಡೆಯುತ್ತದೆ. ದಿನಕ್ಕೊಂದು ಮನೆಯ ಪಾಳಿ. ಆ ಮನೆಯವರೇ ಮಾಲೆ ತರಬೇಕು, ಬಂದವರಿಗೆಲ್ಲ ಬೇಯಿಸಿದ ಕಡಲೆ ಹಂಚಬೇಕು. ಹದಿನೇಳನೆಯ ತಾರೀಕು ಬರ್ನಿಸ್ ಟೀಚರ್ ಮನೆಯದು. ಆರು ವರ್ಷದಿಂದ ಆ ದಿನ ಖಾಲಿ.

"ಟೀಚರ್ ಕಾ ದಿನ್ ಹೈ," ಎನ್ನುತ್ತಾರೆ ಆಂಟಿ. "ತೂ ಕರೇಗೀ?" ಆ ದಿನದ ಪಾಳಿ ನೀನು ಮಾಡುತ್ತೀಯಾ ಎಂದು.

ಶರಣವ್ವ ಹೂಂ ಎಂದು ತಲೆಯಾಡಿಸುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಂಡು ಗಲ್ಲಿಯ ಬಾಯಿಗೆ ಬಂದು ತಂಡವನ್ನು ಕರೆಯುತ್ತಾರೆ. ಇದೇನೂ ಗೊತ್ತಿಲ್ಲದ ನವೀನ, ಮೇ ಹದಿನೇಳರ ಶನಿವಾರದ ಟ್ರಿಪ್ಪಿಗೆ ಅಮ್ಮನನ್ನೂ ಕರೆತರುತ್ತೇನೆ, ಹೆಸರು ಬರೆದುಕೊಳ್ಳಿ ಎನ್ನುತ್ತಾನೆ.

"ಅವತ್ತ ಟ್ರಿಪ್ ಇಲ್ಲಪಾ," ಎನ್ನುತ್ತಾರೆ ಶರಣವ್ವ. "ಅವತ್ತ ನಮ್ಮ ಮನಿ ಪಾಳಿ."